ಪಟ್ಟಿಯಲ್ಲಿ ಇಲ್ಲದ ಹೆಸರು: ಪಾಲ್ ರೋಬ್ಸನ್ ಎಂಬ ಕಾಲೇಜು ಆಟಗಾರನ ಪ್ರಕರಣ

1916ರ ಅಕ್ಟೋಬರ್ 14, ಶನಿವಾರ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ರಟ್ಗರ್ಸ್ ಕಾಲೇಜಿನಲ್ಲಿ ದೊಡ್ಡ ಸಂಭ್ರಮ. ಕಾಲೇಜು ಶುರುವಾಗಿ 150 ವರ್ಷ ತುಂಬಿತ್ತು. ಆ ಸಂಭ್ರಮದ ನಡುವೆ ಒಂದು ಫುಟ್‌ಬಾಲ್ ಪಂದ್ಯವೂ ಇತ್ತು. ಎದುರಾಳಿಯಾಗಿ ವರ್ಜೀನಿಯಾದಿಂದ ವಾಷಿಂಗ್ಟನ್ ಅಂಡ್ ಲೀ ವಿಶ್ವವಿದ್ಯಾಲಯದ ತಂಡ ಬಂದಿತ್ತು. ಪಂದ್ಯ 13-13ರಲ್ಲಿ ಸಮವಾಯಿತು.

ನ್ಯೂಯಾರ್ಕಿನ ಒಬ್ಬ ವಕೀಲರು ಆ ಪಂದ್ಯದ ವರದಿಯನ್ನು ಪತ್ರಿಕೆಯಲ್ಲಿ ಓದಿದರು. ಅವರ ಹೆಸರು ಜೇಮ್ಸ್ ಡಿಕ್ಸನ್ ಕಾರ್. 1892ರಲ್ಲಿ ಅದೇ ರಟ್ಗರ್ಸ್‌ನಲ್ಲಿ ಓದು ಮುಗಿಸಿದವರು. ಆ ಕಾಲೇಜಿನಿಂದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅವರು. ಆಡಿದವರ ಪಟ್ಟಿಯ ಮೇಲೆ ಕಣ್ಣಾಡಿಸಿದಾಗ ಅಲ್ಲಿ ಇರಬೇಕಾದ ಒಂದು ಹೆಸರು ಕಾಣಲಿಲ್ಲ. ಪಾಲ್ ರೋಬ್ಸನ್. ಕಾರ್ ಅವರಿಗೆ ಅನುಮಾನ ಬಂತು. ಸುಮ್ಮನಿರದೆ ವಿಚಾರಿಸಿದರು. ಅನುಮಾನ ನಿಜವಾಗಿತ್ತು. ಕಪ್ಪು ಹುಡುಗ ಮೈದಾನಕ್ಕಿಳಿದರೆ ನಾವು ಆಡುವುದಿಲ್ಲ ಎಂದು ಬಂದ ತಂಡ ಹೇಳಿತ್ತು, ರಟ್ಗರ್ಸ್ ಒಪ್ಪಿಕೊಂಡಿತ್ತು. ತನ್ನದೇ ಕಾಲೇಜಿನ ಹಬ್ಬದ ಪಂದ್ಯಕ್ಕೆ ಪಾಲ್ ಹೊರಗುಳಿದ.

ರೋಬ್ಸನ್ ಅಂದರೆ ನಮ್ಮಲ್ಲಿ ಬಹಳ ಜನರಿಗೆ ಹಾಡುಗಾರ. ಮಿಸಿಸಿಪ್ಪಿ ನದಿಯ ಮೇಲಿನ ಹಾಡು, ಆ ಆಳವಾದ ದನಿ. ಭೂಪೇನ್ ಹಜಾರಿಕಾ ಅವರು ನ್ಯೂಯಾರ್ಕಿನಲ್ಲಿ ಓದುವಾಗ ಆ ದನಿಗೆ ಮಾರುಹೋಗಿ, ಅದೇ ಭಾವವನ್ನು ಬ್ರಹ್ಮಪುತ್ರದ ದಂಡೆಗೆ ತಂದರು. ಹಾಡುಗಾರನಾಗುವ ಮೊದಲು ಈ ಮನುಷ್ಯ ಕಾಲೇಜಿನಲ್ಲಿ ನಾಲ್ಕು ಆಟ ಆಡಿದವರು, ಅದೂ ದೇಶದಲ್ಲೇ ಅತ್ಯುತ್ತಮ ಎನ್ನುವ ಮಟ್ಟದಲ್ಲಿ ಎನ್ನುವುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದಕ್ಕೆ ಕಾರಣವೂ ಇದೆ. ಅವರ ಹೆಸರನ್ನು ಆಟದ ದಾಖಲೆಯಿಂದಲೇ ತೆಗೆದುಹಾಕಿದ್ದರು.

ಈ ಪ್ರಕರಣವನ್ನು ನಾನು ಆರಿಸಿಕೊಂಡದ್ದು ಆ ಕಾರಣಕ್ಕೇ. 1916ರ ಒಂದು ಶನಿವಾರ ಪಟ್ಟಿಯಿಂದ ಬಿಟ್ಟುಹೋದ ಹೆಸರು, 1950ರ ಹೊತ್ತಿಗೆ ಇಡೀ ದೇಶದ ಪಟ್ಟಿಯಿಂದ ಬಿಟ್ಟುಹೋಯಿತು. ಎರಡೂ ಒಂದೇ ಕೆಲಸ ಅಂತ ನನ್ನ ಅನಿಸಿಕೆ. ಮೊದಲನೆಯದನ್ನು ಸಹಿಸಿಕೊಂಡವರಿಗೆ ಎರಡನೆಯದು ಕಷ್ಟವಾಗಲಿಲ್ಲ.

ಮನೆ

ಪಾಲ್ ಹುಟ್ಟಿದ್ದು 1898ರ ಏಪ್ರಿಲ್ 9ರಂದು, ಪ್ರಿನ್ಸ್‌ಟನ್ ಊರಿನಲ್ಲಿ. ಅಪ್ಪ ವಿಲಿಯಂ ಡ್ರೂ ರೋಬ್ಸನ್ ಗುಲಾಮರಾಗಿ ಹುಟ್ಟಿದವರು. ಉತ್ತರ ಕ್ಯಾರೊಲಿನಾದ ತೋಟವೊಂದರಿಂದ 1860ರಲ್ಲಿ, ಹದಿನೈದನೇ ವಯಸ್ಸಿನಲ್ಲಿ ತಪ್ಪಿಸಿಕೊಂಡು ಓಡಿಬಂದರು. ಕೂಲಿ ಮಾಡಿ ಓದಿದರು. ಲಿಂಕನ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ಚರ್ಚಿನ ಪಾದ್ರಿಯಾದರು. ಗ್ರೀಕ್, ಲ್ಯಾಟಿನ್ ಬಲ್ಲವರು. 1901ರಲ್ಲಿ ಪ್ರಿನ್ಸ್‌ಟನ್ನಿನ ಚರ್ಚು ಅವರನ್ನು ಕೆಲಸದಿಂದ ಬಿಡಿಸಿತು. ಅಷ್ಟು ಓದಿದ ಮನುಷ್ಯ ಕುದುರೆ ಗಾಡಿಯಲ್ಲಿ ಊರಿನ ಮನೆಗಳ ಒಲೆ ಬೂದಿ ಸಾಗಿಸಿ ಸಂಸಾರ ನಡೆಸಿದರು.

ಅಮ್ಮ ಮರಿಯಾ ಲೂಯಿಸಾ ಶಿಕ್ಷಕಿಯಾಗಿದ್ದವರು. 1904ರ ಜನವರಿಯಲ್ಲಿ ಮನೆಯ ಒಲೆಯಿಂದ ಸಿಡಿದ ಕೆಂಡ ಅವರ ಬಟ್ಟೆಗೆ ತಗುಲಿತು. ಸುಟ್ಟ ಗಾಯದಿಂದ ತೀರಿಕೊಂಡರು. ಪಾಲ್‌ಗೆ ಆಗ ಇನ್ನೂ ಆರು ತುಂಬಿರಲಿಲ್ಲ. ಐದು ಮಕ್ಕಳಲ್ಲಿ ಅವನೇ ಕಿರಿಯವ.

ಆಮೇಲೆ ಅವನನ್ನು ಬೆಳೆಸಿದ್ದು ಅಪ್ಪ. ನೂರಕ್ಕೆ ತೊಂಬತ್ತೈದು ತಂದರೆ ಉಳಿದ ಐದು ಎಲ್ಲಿ ಎಂದು ಕೇಳುವ ಅಪ್ಪ. ನಮ್ಮ ಮನೆಗಳಲ್ಲೂ ಇಂಥ ಅಪ್ಪಂದಿರು ಇದ್ದಾರೆ, ಅಲ್ವಾ? ಆದರೆ ವಿಲಿಯಂ ಅವರ ಪ್ರಶ್ನೆಗೆ ಬೇರೆ ಕಾರಣವಿತ್ತು. ತೊಂಬತ್ತೈದು ತಂದ ಬಿಳಿ ಹುಡುಗನಿಗೆ ಬಾಗಿಲು ತೆರೆಯುತ್ತದೆ. ಕಪ್ಪು ಹುಡುಗನಿಗೆ ನೂರು ಬಂದರೂ ಬಾಗಿಲು ತಟ್ಟಬೇಕು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಕಪ್ಪು ಹುಡುಗರನ್ನು ಸೇರಿಸಿಕೊಳ್ಳುತ್ತಿರಲಿಲ್ಲ.

ರಟ್ಗರ್ಸ್‌ಗೆ ಪಾಲ್ ಸೇರಿದ್ದು 1915ರಲ್ಲಿ, ರಾಜ್ಯಮಟ್ಟದ ವಿದ್ಯಾರ್ಥಿವೇತನ ಪರೀಕ್ಷೆ ಗೆದ್ದು. ಆ ಪರೀಕ್ಷೆಯ ಕತೆ ಹೇಳಲೇಬೇಕು. ಉಳಿದ ಹುಡುಗರು ಹಿಂದಿನ ವರ್ಷವೇ ಮೊದಲ ಮೂರು ವರ್ಷದ ಪಾಠಗಳ ಪರೀಕ್ಷೆ ಬರೆದು ಮುಗಿಸಿದ್ದರು. ಪಾಲ್‌ಗೆ ಅಂಥದೊಂದು ಪರೀಕ್ಷೆ ಇದೆ ಎಂಬುದೇ ತಡವಾಗಿ ಗೊತ್ತಾಯಿತು. ಅವರು ಒಂದು ವರ್ಷದ ಪಾಠಕ್ಕೆ ಉತ್ತರ ಬರೆಯುತ್ತಿದ್ದ ಹೊತ್ತಿನಲ್ಲೇ ಇವನು ನಾಲ್ಕೂ ವರ್ಷದ ಪಾಠಕ್ಕೆ ಬರೆಯಬೇಕಾಯಿತು. ಬರೆದ, ಗೆದ್ದ. ಎಷ್ಟೋ ವರ್ಷದ ನಂತರವೂ ರೋಬ್ಸನ್ ಆ ದಿನವನ್ನು ತನ್ನ ಬದುಕಿನ ತಿರುವು ಎಂದು ನೆನೆಯುತ್ತಿದ್ದರು.

ಅಭ್ಯಾಸದ ಮೈದಾನ

ರಟ್ಗರ್ಸ್ ಆಗ ಚಿಕ್ಕ ಕಾಲೇಜು. ಇಡೀ ಕಾಲೇಜಿನಲ್ಲಿ ಕಪ್ಪು ವಿದ್ಯಾರ್ಥಿ ಅವನೊಬ್ಬನೇ. ಕಾಲೇಜಿನ ಅಷ್ಟು ವರ್ಷದ ಇತಿಹಾಸದಲ್ಲಿ ಅವನು ಮೂರನೆಯವನು. ವಯಸ್ಸು 17, ಎತ್ತರ ಆರಡಿಗೂ ಜಾಸ್ತಿ. ಫುಟ್‌ಬಾಲ್ ತಂಡದ ಆಯ್ಕೆಗೆ ಹೋದ.

ಇಲ್ಲಿ ಫುಟ್‌ಬಾಲ್ ಅಂದರೆ ನಾವು ನೋಡುವ ಕಾಲ್ಚೆಂಡಲ್ಲ, ಅಮೆರಿಕದ ಫುಟ್‌ಬಾಲ್. ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ. ಓಡುವವನನ್ನು ಮೈಮೇಲೆ ಬಿದ್ದು ಕೆಡವಬೇಕು. ಕಬಡ್ಡಿಯಲ್ಲಿ ರೈಡರನ್ನು ಹಿಡಿಯುವುದನ್ನು ನೆನಪಿಸಿಕೊಳ್ಳಿ. ಆದರೆ ಇಲ್ಲಿ ಇಬ್ಬರೂ ಪೂರ್ತಿ ವೇಗದಲ್ಲಿ ಓಡಿಬರುತ್ತಾರೆ. ಆ ಕಾಲದಲ್ಲಿ ಮೈ ಕಾಯುವ ಸಾಮಾನು ಕಡಿಮೆ. ಯಾರಿಗಾದರೂ ಹೊಡೆಯಬೇಕು ಅಂತ ಮನಸ್ಸಿದ್ದರೆ ಆಟದ ಹೆಸರಲ್ಲೇ ಹೊಡೆಯಬಹುದು.

ಹೊಡೆದರು. ಹೊರಗಿನವರಲ್ಲ, ಅವನದೇ ಕಾಲೇಜಿನ ಹುಡುಗರು. ಕಪ್ಪು ಹುಡುಗ ತಂಡಕ್ಕೆ ಬರಬಾರದು ಎಂದುಕೊಂಡವರು. ರೋಬ್ಸನ್ 1944ರಲ್ಲಿ ಒಂದು ಪತ್ರಿಕಾ ಸಂದರ್ಶನದಲ್ಲಿ ಆ ದಿನವನ್ನು ಹೇಳಿಕೊಂಡಿದ್ದಾರೆ. ಒಬ್ಬ ಮುಖಕ್ಕೆ ಗುದ್ದಿ ಮೂಗು ಮುರಿದ. ಹಾಡುಗಾರನಾದ ಮೇಲೂ ಆ ಮೂಗು ದಿನದಿನವೂ ಕಾಡಿತಂತೆ. ಅಂಗಾತ ಬಿದ್ದಿದ್ದಾಗ ಇನ್ನೊಬ್ಬ ಮಂಡಿಯೂರಿ ಮೇಲೆ ಬಿದ್ದ. ಬಲ ಭುಜದ ಕೀಲು ತಪ್ಪಿತು.

ಹತ್ತು ದಿನ ಹಾಸಿಗೆ. ಬಿಟ್ಟುಬಿಡುವ ಯೋಚನೆ ಬಂತು. ಆಗ ಅಣ್ಣ ನೋಡಲು ಬಂದ. ಅವನೂ ಇಂಥದೇ ಕಾಲೇಜು ಕಂಡವನು. ಬಿಡಬೇಕೆಂದರೆ ಬಿಡು, ಆದರೆ ನಮ್ಮ ಮನೆಯಲ್ಲಿ ಅರ್ಧಕ್ಕೆ ಬಿಟ್ಟುಬಂದವನು ಒಬ್ಬ ಇದ್ದಾನೆ ಅಂತ ಅನ್ನಿಸಿಕೊಳ್ಳೋದು ನನಗೂ ಇಷ್ಟವಿಲ್ಲ, ಅಪ್ಪನಿಗೂ ಇಷ್ಟವಾಗಲ್ಲ, ಎಂದು ಹೇಳಿಹೋದ.

ಪಾಲ್ ವಾಪಸ್ ಹೋದ. ಮತ್ತೆ ಅಭ್ಯಾಸ. ಅವನು ಒಬ್ಬನನ್ನು ಕೆಡವಿ ನೆಲದ ಮೇಲೆ ಬಿದ್ದಿದ್ದ. ಅಂಗೈ ಕೆಳಗೆ, ಬೆರಳು ಚಾಚಿತ್ತು. ಮೊಳೆ ಬೂಟು ಹಾಕಿದ ಒಬ್ಬ ಬಂದು ಆ ಕೈಯ ಮೇಲೆ ಕಾಲಿಟ್ಟು ತುಳಿದ. ಮೂಳೆ ಮುರಿಯಲಿಲ್ಲ, ಆದರೆ ಉಗುರುಗಳು ಕಿತ್ತುಬಂದವು. ಮುಂದಿನ ಸರದಿಯಲ್ಲಿ ಎದುರಿನ ಸಾಲು ಮೈಮೇಲೆ ನುಗ್ಗಿದಾಗ ಪಾಲ್ ಎಲ್ಲರನ್ನೂ ದಾಟಿ ಚೆಂಡು ಹಿಡಿದವನನ್ನೇ ಹಿಡಿದ. ಎತ್ತಿದ. ತಲೆಯ ಮೇಲಕ್ಕೆ. ನೆಲಕ್ಕೆ ಅಪ್ಪಳಿಸಿ ಎರಡು ತುಂಡು ಮಾಡುವಷ್ಟು ಸಿಟ್ಟಿತ್ತು ಎಂದು ಅವರೇ ಹೇಳಿದ್ದಾರೆ. ಆಗ ಕೋಚ್ ಫಾಸ್ಟರ್ ಸ್ಯಾನ್‌ಫರ್ಡ್ ದೂರದಿಂದ ಕೂಗಿದರು: "ರೋಬಿ, ನೀನು ತಂಡದಲ್ಲಿದ್ದೀಯ!"

ಈ ಕತೆಯನ್ನು ಸಾಮಾನ್ಯವಾಗಿ ಖುಷಿಯ ಕತೆಯಾಗಿ ಹೇಳುತ್ತಾರೆ. ಛಲ ತೋರಿಸಿದ, ಜಾಗ ಗಿಟ್ಟಿಸಿದ. ನನಗೆ ಹಾಗೆ ಓದಲು ಆಗುವುದಿಲ್ಲ. ಕಾಲೇಜು ದಿನಗಳಲ್ಲಿ ನಾನೂ ಸ್ವಲ್ಪ ಕಬಡ್ಡಿ ಆಡಿದವನು. ಆಯ್ಕೆಯ ದಿನ ಹೊಟ್ಟೆಯಲ್ಲಿ ಆಗುವ ಸಂಕಟ ಗೊತ್ತು. ಬೇರೆ ಹುಡುಗರಿಗೆ ತಂಡ ಸೇರಲು ಆಟ ಬಂದರೆ ಸಾಕಿತ್ತು. ಇವನಿಗೆ ಮೂಗು, ಭುಜ, ಉಗುರು ಎಲ್ಲ ಕೊಡಬೇಕಾಯಿತು. ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದ ದೊಡ್ಡವರು ಅದುವರೆಗೂ ಏನು ಮಾಡುತ್ತಿದ್ದರು?

ಆ ಶನಿವಾರ

ಒಂದು ವರ್ಷದ ನಂತರ, ಅದೇ ಕಾಲೇಜು, ಅದೇ ಕೋಚ್. ವಾಷಿಂಗ್ಟನ್ ಅಂಡ್ ಲೀ ಎಂಬ ಹೆಸರಿನ ಎರಡನೇ ಅರ್ಧ ರಾಬರ್ಟ್ ಲೀ ಎಂಬ ಸೇನಾಪತಿಯದು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ರಾಜ್ಯಗಳ ಪರವಾಗಿ ಹೋರಾಡಿದವನು. ಪಾಲ್‌ನ ಅಪ್ಪ ಓಡಿಬಂದದ್ದು ಅಂಥ ರಾಜ್ಯದಿಂದಲೇ. ಐವತ್ತಾರು ವರ್ಷ ಕಳೆದಿತ್ತು. ಅಪ್ಪ ಓಡಿಬಂದ ನಾಡಿನ ತಂಡವೊಂದು ಮಗನ ಊರಿಗೇ ಬಂದು, ಇವನು ನಮ್ಮೆದುರು ನಿಲ್ಲಬಾರದು ಎಂದು ಹೇಳಿತು.

ಹೇಳಿದ್ದು ಅವರು. ಒಪ್ಪಿದ್ದು ಇವರು. ಈ ಪ್ರಕರಣದಲ್ಲಿ ನನಗೆ ಒಪ್ಪಿದವರೇ ಮುಖ್ಯ. ಅತಿಥಿಗಳಿಗೆ ಬೇಸರವಾಗಬಾರದು, ಹಬ್ಬದ ಪಂದ್ಯ ನಿಲ್ಲಬಾರದು, ಟಿಕೆಟ್ ಕೊಂಡ ಜನ ವಾಪಸ್ ಹೋಗಬಾರದು. ಇಂಥ ಸಣ್ಣ ಸಣ್ಣ ಲೆಕ್ಕಾಚಾರದಲ್ಲೇ ಒಬ್ಬ ಹುಡುಗನನ್ನು ಬಿಟ್ಟುಕೊಡುವುದು ನಡೆದುಹೋಗುತ್ತದೆ. ಬಿಟ್ಟುಕೊಟ್ಟವರಿಗೆ ತಾವು ಕೆಟ್ಟದ್ದು ಮಾಡಿದೆವು ಅಂತಲೂ ಅನ್ನಿಸುವುದಿಲ್ಲ. ಇದೊಂದು ಪಂದ್ಯ ತಾನೇ, ಮುಂದಿನ ವಾರ ಆಡುತ್ತಾನೆ ಬಿಡು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಆಮೇಲೆ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರೂ ಇದೇ ಬೇಡಿಕೆ ಇಟ್ಟರು. ಈ ಸಲ ಸ್ಯಾನ್‌ಫರ್ಡ್ ಒಪ್ಪಲಿಲ್ಲ. ಪಾಲ್ ಆಡಿದ. ಎದುರಾಳಿಗಳೂ ಆಡಿದರು. ಆ ಪಂದ್ಯವೂ ಸಮವಾಯಿತು, ಆಕಾಶ ಏನೂ ಕಳಚಿಬೀಳಲಿಲ್ಲ. ಇಲ್ಲ ಎಂದು ಹೇಳಬಹುದಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಾಲ್ಕು ಆಟ, ನಾಲ್ಕು ವರ್ಷ

ಅಮೆರಿಕದ ಕಾಲೇಜುಗಳಲ್ಲಿ ಒಂದು ಪದ್ಧತಿ ಇದೆ. ಕಾಲೇಜಿನ ಮುಖ್ಯ ತಂಡಕ್ಕೆ ಒಂದು ಋತುವಿನಲ್ಲಿ ಚೆನ್ನಾಗಿ ಆಡಿದವನಿಗೆ ಕಾಲೇಜಿನ ಹೆಸರಿನ ಮೊದಲ ಅಕ್ಷರವನ್ನು ಬಟ್ಟೆಯಲ್ಲಿ ಮಾಡಿ ಕೊಡುತ್ತಾರೆ. ಸ್ವೆಟರಿನ ಎದೆಯ ಮೇಲೆ ಹೊಲಿಸಿಕೊಳ್ಳಬಹುದು. ಅದಕ್ಕೆ ಲೆಟರ್ ಅಂತಲೇ ಹೆಸರು. ಒಬ್ಬ ಹುಡುಗನಿಗೆ ನಾಲ್ಕು ವರ್ಷದಲ್ಲಿ ಎರಡು ಮೂರು ಲೆಟರ್ ಬಂದರೆ ದೊಡ್ಡದು. ಪಾಲ್‌ನ ಲೆಕ್ಕಕ್ಕೆ ಸೇರಿಸುವುದು 15.

ಹೇಗೆ ಅಂದರೆ, ಶರತ್ಕಾಲದಲ್ಲಿ ಫುಟ್‌ಬಾಲ್. ಚಳಿಗಾಲದಲ್ಲಿ ಒಳಾಂಗಣದಲ್ಲಿ ಬಾಸ್ಕೆಟ್‌ಬಾಲ್. ವಸಂತ ಬಂತೆಂದರೆ ಬೇಸ್‌ಬಾಲ್ ಮತ್ತು ಅಥ್ಲೆಟಿಕ್ಸ್ ಎರಡೂ. ಬೇಸ್‌ಬಾಲ್‌ನಲ್ಲಿ ಅವನು ಕ್ಯಾಚರ್, ನಮ್ಮ ಕ್ರಿಕೆಟ್ಟಿನ ವಿಕೆಟ್ ಕೀಪರ್ ಜಾಗ ಅಂದುಕೊಳ್ಳಿ. ಅಥ್ಲೆಟಿಕ್ಸ್‌ನಲ್ಲಿ ಡಿಸ್ಕಸ್ ಥ್ರೋ ಮುಂತಾದವು. ಬೇಸಿಗೆ ರಜೆಯಲ್ಲಾದರೂ ಬಿಡುವು ಸಿಕ್ಕಿತೇ ಅಂದರೆ ಅದೂ ಇಲ್ಲ. ರೋಡ್ ಐಲೆಂಡಿನ ಕಡಲತೀರದ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ, ಫೀಸಿಗೆ ದುಡ್ಡು ಹೊಂದಿಸಲು.

ಇವತ್ತಿನ ಕಣ್ಣಿಗೆ ಇದು ಸ್ವಲ್ಪ ವಿಚಿತ್ರ ಕಾಣುತ್ತದೆ. ಈಗ ಹತ್ತನೇ ವಯಸ್ಸಿಗೇ ಮಕ್ಕಳನ್ನು ಒಂದೇ ಆಟಕ್ಕೆ ಹಚ್ಚುತ್ತೇವೆ. ವರ್ಷಪೂರ್ತಿ ಅದೇ ಅಕಾಡೆಮಿ, ಅದೇ ಕೋಚು. ನಾಲ್ಕು ಆಟ ಆಡಿದವನ ದೇಹ ನಾಲ್ಕು ಬೇರೆ ಬೇರೆ ಪಾಠ ಕಲಿಯುತ್ತದೆ. ಬಾಸ್ಕೆಟ್‌ಬಾಲ್ ಆಡುವ ಕೈಗೆ ದೂರದಿಂದ ಬರುವ ಫುಟ್‌ಬಾಲನ್ನು ಗಾಳಿಯಲ್ಲೇ ಹಿಡಿಯುವುದು ಸುಲಭ. ಡಿಸ್ಕಸ್ ಎಸೆಯುವವನ ಸೊಂಟ ಮತ್ತು ತೊಡೆ ಎದುರಾಳಿಯನ್ನು ಕೆಡವಲು ಬೇಕು. ಪಾಲ್ ಆಡುತ್ತಿದ್ದ ಜಾಗಕ್ಕೆ ಎಂಡ್ ಅನ್ನುತ್ತಾರೆ. ಸಾಲಿನ ತುದಿಯಲ್ಲಿ ನಿಲ್ಲುವವನು. ದಾಳಿಯಲ್ಲಿ ಓಡಿ ಚೆಂಡು ಹಿಡಿಯಬೇಕು, ರಕ್ಷಣೆಯಲ್ಲಿ ಬರುವವರನ್ನು ತಡೆಯಬೇಕು. ಆಗ ಒಬ್ಬನೇ ಎರಡೂ ಕಡೆ ಆಡುವ ಕಾಲ. ಇದಕ್ಕಿಂತ ಅವನಿಗೆ ಹೊಂದುವ ಜಾಗ ಇರಲಿಲ್ಲ.

1917ರ ತಂಡ ಒಂಬತ್ತು ಪಂದ್ಯಗಳಲ್ಲಿ ಏಳು ಗೆದ್ದಿತು, ಸೋತದ್ದು ಒಂದೇ ಒಂದು. ಆ ವರ್ಷದ ನವೆಂಬರ್ 24ರಂದು ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್ ಮೈದಾನದಲ್ಲಿ ಒಂದು ಪಂದ್ಯ. ಎದುರಾಳಿ ನ್ಯೂಪೋರ್ಟಿನ ನೌಕಾದಳ ಮೀಸಲು ಪಡೆಯ ತಂಡ. ಯುದ್ಧಕಾಲವಾದ್ದರಿಂದ ದೊಡ್ಡ ದೊಡ್ಡ ಕಾಲೇಜುಗಳ ಹೆಸರಾಂತ ಆಟಗಾರರೆಲ್ಲ ಆ ಪಡೆ ಸೇರಿದ್ದರು. ರಟ್ಗರ್ಸ್‌ನ ಹುಡುಗರು ಇವರ ಮುಂದೆ ನಿಲ್ಲುವುದಿಲ್ಲ ಎಂದೇ ಎಲ್ಲರ ಲೆಕ್ಕ. ಫಲಿತಾಂಶ, ರಟ್ಗರ್ಸ್ 14, ನ್ಯೂಪೋರ್ಟ್ 0. ಪತ್ರಿಕೆಗಳು ಪಾಲ್‌ನನ್ನು ಹಾಡಿ ಹೊಗಳಿದವು.

1917 ಮತ್ತು 1918, ಎರಡೂ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿಯಲ್ಲಿ ಅವನ ಹೆಸರು ಬಂತು. ಆಲ್ ಅಮೆರಿಕ ತಂಡ ಎಂದು ಕರೆಯುವ ಪಟ್ಟಿ ಅದು. ಅಮೆರಿಕನ್ ಫುಟ್‌ಬಾಲಿನ ಪಿತಾಮಹ ಎನ್ನಿಸಿಕೊಂಡ ವಾಲ್ಟರ್ ಕ್ಯಾಂಪ್ 1918ರ ಮೊದಲ ತಂಡಕ್ಕೆ ಅವನನ್ನು ಆರಿಸಿದರು. ದಾಳಿಯಲ್ಲೂ ರಕ್ಷಣೆಯಲ್ಲೂ ಇವನಷ್ಟು ಉಪಯೋಗಕ್ಕೆ ಬರುವ ಎಂಡ್ ಇನ್ನೊಬ್ಬ ಬಂದಿಲ್ಲ ಎಂದು ಬರೆದರು.

ಇಷ್ಟರ ಮಧ್ಯೆ ಓದು. ಮೂರನೇ ವರ್ಷದಲ್ಲೇ ಫೈ ಬೀಟಾ ಕಪ್ಪ ಎಂಬ ಪ್ರತಿಭಾವಂತರ ಸಂಘಕ್ಕೆ ಆಯ್ಕೆ. ಭಾಷಣ ಸ್ಪರ್ಧೆಯಲ್ಲಿ ನಾಲ್ಕೂ ವರ್ಷ ಮೊದಲ ಬಹುಮಾನ. 1918ರ ಮೇ 17ರಂದು ಅಪ್ಪ ತೀರಿಕೊಂಡರು. ಕೆಲವೇ ದಿನದಲ್ಲಿ ಭಾಷಣ ಸ್ಪರ್ಧೆ ಇತ್ತು. ಏನೇ ಆದರೂ ಸ್ಪರ್ಧೆ ತಪ್ಪಿಸಬೇಡ ಎಂದು ಅಪ್ಪ ಮೊದಲೇ ಮಾತು ತೆಗೆದುಕೊಂಡಿದ್ದರು. ಮಗ ಹೋಗಿ ನಿಂತ, ಮಾತಾಡಿದ, ಗೆದ್ದ.

ಆದರೂ ಆ ಕಾಲೇಜಿನಲ್ಲಿ ಅವನಿಗೆ ಪೂರ್ತಿ ಜಾಗ ಸಿಗಲಿಲ್ಲ. ಮುಂದೆ ಜಗತ್ತೇ ಕಿವಿಗೊಟ್ಟು ಕೇಳಿದ ಆ ದನಿಯನ್ನು ಕಾಲೇಜಿನ ಗಾಯನ ತಂಡ ಊರೊಳಗಿನ ಕಾರ್ಯಕ್ರಮಕ್ಕೆ ಮಾತ್ರ ಬಳಸಿಕೊಂಡಿತು. ಹೊರ ಊರಿನ ಪ್ರವಾಸಕ್ಕೆ ಕರೆದುಕೊಂಡು ಹೋಗಲಿಲ್ಲ. ಹಾಡು ಮುಗಿದ ಮೇಲೆ ಅಲ್ಲಿ ನೃತ್ಯಕೂಟ ಇರುತ್ತಿತ್ತು. ಅಲ್ಲಿ ಅವನು ಬೇಡವಾಗಿದ್ದ.

ಒಂದು ಪತ್ರ

1919ರ ಜೂನ್ 10ರಂದು ಪದವಿ ಸಮಾರಂಭ. ತನ್ನ ತರಗತಿಯ ಪರವಾಗಿ ಮಾತಾಡಲು ಆಯ್ಕೆಯಾದವನು ಪಾಲ್. ಅದೇ ಜೂನ್ ತಿಂಗಳ 6ರಂದು, ಅಂದರೆ ಸಮಾರಂಭಕ್ಕೆ ನಾಲ್ಕು ದಿನ ಮೊದಲು, ವಕೀಲ ಕಾರ್ ಕಾಲೇಜಿನ ಅಧ್ಯಕ್ಷ ವಿಲಿಯಂ ಡೆಮರೆಸ್ಟ್ ಅವರಿಗೆ ಒಂದು ಪತ್ರ ಬರೆದರು. ವಿಷಯ, ಸುಮಾರು ಮೂರು ವರ್ಷ ಹಿಂದಿನ ಆ ಶನಿವಾರ.

ಪತ್ರದ ಸಾರ ಹೀಗಿದೆ. ಒಳ್ಳೆಯ ನಡತೆಯ, ಒಳ್ಳೆಯ ಬುದ್ಧಿಯ, ರಟ್ಗರ್ಸ್ ಬೆಳೆಸಿದ ಅತ್ಯುತ್ತಮ ಆಟಗಾರರಲ್ಲಿ ಒಬ್ಬನನ್ನು ಬರೀ ಚರ್ಮದ ಬಣ್ಣಕ್ಕಾಗಿ ಹೊರಗಿಟ್ಟಿರಿ. ಅವನಿಗೊಬ್ಬನಿಗೇ ಅಲ್ಲ, ಅವನ ಜನಕ್ಕೇ ಅನ್ಯಾಯ ಮಾಡಿದಿರಿ. ಮುಂದೊಂದು ದಿನ ಅವನು ಒಬ್ಬನೇ ಕೂತು ಯೋಚಿಸುವಾಗ, ಪರೀಕ್ಷೆಯ ಗಳಿಗೆ ಬಂದಾಗ ನನ್ನ ಕಾಲೇಜು ಹಿಂಜರಿಯಿತು, ಮರ್ಯಾದೆಗಿಂತ ಒಂದು ಆಟವೇ ಅದಕ್ಕೆ ದೊಡ್ಡದಾಯಿತು ಅಂತ ಅನ್ನಿಸಿದರೆ ಅವನ ಮನಸ್ಸು ಹೇಗಾಗಬೇಡ?

ಈ ಪತ್ರವನ್ನು ನಾನು ಎಷ್ಟು ಸಲ ಓದಿದ್ದೇನೋ. ಆ ಹೊತ್ತಿಗೆ ಪಾಲ್ ಗೆದ್ದಾಗಿತ್ತು. ಬಹುಮಾನಗಳು ಬಂದಾಗಿತ್ತು, ಕಾಲೇಜು ಅವನನ್ನು ಹೆಮ್ಮೆಯಿಂದ ವೇದಿಕೆಗೆ ಹತ್ತಿಸುತ್ತಿತ್ತು. ಹಳೆಯದನ್ನು ಈಗ ಯಾಕೆ ಕೆದಕಬೇಕು ಅಂತ ಯಾರೂ ಹೇಳಬಹುದಿತ್ತು. ಕಾರ್ ಹಾಗೆ ಬಿಡಲಿಲ್ಲ. ಆಮೇಲಿನ ಗೆಲುವಿನಿಂದ ಮೊದಲಿನ ತಪ್ಪು ಮುಚ್ಚಿಹೋಗುವುದಿಲ್ಲ ಎಂಬುದು ಅವರಿಗೆ ಸ್ಪಷ್ಟವಿತ್ತು. ಅವರೂ ಅದೇ ಕಾಲೇಜಿನಲ್ಲಿ ಒಬ್ಬರೇ ಕಪ್ಪು ಹುಡುಗನಾಗಿ ಓದಿದವರಲ್ವಾ.

ದಾಖಲೆಯ ಅಳಿಸುವಿಕೆ

ಮುಂದಿನ ಮೂವತ್ತು ವರ್ಷ ಬೇಗ ಹೇಳಿಬಿಡುತ್ತೇನೆ. ಕೊಲಂಬಿಯಾದಲ್ಲಿ ಕಾನೂನು ಓದು. ಖರ್ಚಿಗೆ ವೃತ್ತಿಪರ ಫುಟ್‌ಬಾಲ್, 1921ರಲ್ಲಿ ಆಕ್ರನ್ ತಂಡ, 1922ರಲ್ಲಿ ಮಿಲ್ವಾಕೀ ತಂಡ. ವಕೀಲಿ ಕಚೇರಿಯಲ್ಲಿ, ಇವರು ಹೇಳಿದ್ದನ್ನು ಬರೆದುಕೊಳ್ಳಲಾರೆ ಎಂದು ಬಿಳಿಯ ಶೀಘ್ರಲಿಪಿಕಾರ್ತಿ ಎದ್ದುಹೋದಳು. ರೋಬ್ಸನ್ ಕಾನೂನು ಬಿಟ್ಟು ರಂಗಭೂಮಿಗೆ ಬಂದರು. ಲಂಡನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ ಒಥೆಲೋ ಪಾತ್ರ. 1943ರಲ್ಲಿ ಬ್ರಾಡ್‌ವೇಯಲ್ಲಿ ಶುರುವಾದ ಆ ನಾಟಕ 296 ಪ್ರದರ್ಶನ ಕಂಡಿತು. ಷೇಕ್ಸ್‌ಪಿಯರ್ ನಾಟಕಕ್ಕೆ ಅಲ್ಲಿ ಅದು ದಾಖಲೆ. ಜಗತ್ತಿನ ತುಂಬ ಹಾಡಿದರು. ವೇಲ್ಸಿನ ಗಣಿ ಕಾರ್ಮಿಕರ ಜೊತೆ ನಿಂತರು. ಲಂಡನ್ನಿನಲ್ಲಿ ನೆಹರೂ ಸ್ನೇಹವಾಯಿತು, ಭಾರತದ ಸ್ವಾತಂತ್ರ್ಯದ ಪರ ಮಾತಾಡಿದರು.

ಆಟ ಅವರನ್ನು ಬಿಟ್ಟಿರಲಿಲ್ಲ. 1943ರ ಡಿಸೆಂಬರ್‌ನಲ್ಲಿ ರೋಬ್ಸನ್ ಬೇಸ್‌ಬಾಲ್ ಮಂಡಳಿಯ ಕಮಿಷನರ್ ಲ್ಯಾಂಡಿಸ್ ಮತ್ತು ತಂಡಗಳ ಮಾಲೀಕರ ಮುಂದೆ ಹೋಗಿ ನಿಂತರು. ಕಪ್ಪು ಆಟಗಾರರಿಗೆ ಬಾಗಿಲು ತೆರೆಯಿರಿ ಎಂದು ಕೇಳಿದರು. ಬಾಗಿಲು ತೆರೆದದ್ದು 1947ರಲ್ಲಿ. ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಆಡಲು ಇಳಿದರು. ರಾಬಿನ್ಸನ್ ಕೂಡ ಲಾಸ್ ಏಂಜಲೀಸ್‌ನ ಕಾಲೇಜಿನಲ್ಲಿ ನಾಲ್ಕು ಆಟಕ್ಕೆ ಲೆಟರ್ ಪಡೆದವರೇ. ಅವರು ಮೊದಲ ಪಂದ್ಯ ಆಡಿದ ಮೈದಾನ ಎಬೆಟ್ಸ್ ಫೀಲ್ಡ್. ಮೂವತ್ತು ವರ್ಷ ಹಿಂದೆ ಪಾಲ್ ನೌಕಾದಳದವರನ್ನು ಕೆಡವಿದ ಅದೇ ನೆಲ.

ಎರಡೇ ವರ್ಷದ ನಂತರ ಆ ಇಬ್ಬರನ್ನು ಎದುರುಬದುರು ನಿಲ್ಲಿಸಿದರು. 1949ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಲ್ಲಿ ರೋಬ್ಸನ್ ಆಡಿದ ಮಾತನ್ನು ಸುದ್ದಿ ಸಂಸ್ಥೆ ತಿರುಚಿ ವರದಿ ಮಾಡಿತು. ಕಮ್ಯುನಿಸ್ಟರ ಭಯ ಹೆಚ್ಚಿದ್ದ ಕಾಲ. ಸಂಸತ್ತಿನ ತನಿಖಾ ಸಮಿತಿ ಜ್ಯಾಕಿ ರಾಬಿನ್ಸನ್ ಅವರನ್ನು ಕರೆಸಿ ರೋಬ್ಸನ್ ವಿರುದ್ಧ ಹೇಳಿಕೆ ಕೊಡಿಸಿತು. ರಾಬಿನ್ಸನ್ ಕೊನೆಗಾಲದಲ್ಲಿ ಬರೆದುಕೊಂಡಿದ್ದಾರೆ: ಈಗ ಕರೆದಿದ್ದರೆ ಹೋಗುತ್ತಿರಲಿಲ್ಲ, ತನ್ನ ಜನಕ್ಕಾಗಿ ಅಷ್ಟೆಲ್ಲ ಕಳೆದುಕೊಂಡ ಆ ಮನುಷ್ಯನ ಮೇಲೆ ಗೌರವ ಹೆಚ್ಚಿದೆ, ಎಂದು.

1950ರಲ್ಲಿ ಸರ್ಕಾರ ರೋಬ್ಸನ್ ಅವರ ಪಾಸ್‌ಪೋರ್ಟ್ ಕಿತ್ತುಕೊಂಡಿತು. ದೇಶದೊಳಗೆ ಸಭಾಂಗಣಗಳು ಬಾಗಿಲು ಹಾಕಿದವು. ವರ್ಷಕ್ಕೆ ಲಕ್ಷ ಡಾಲರ್ ದಾಟುತ್ತಿದ್ದ ಸಂಪಾದನೆ ಕೆಲವೇ ಸಾವಿರಕ್ಕೆ ಇಳಿಯಿತು. ಆಗಲೇ ಆಟದ ದಾಖಲೆಯೂ ಬದಲಾದದ್ದು. ಕಾಲೇಜು ಫುಟ್‌ಬಾಲಿನ ಸಮಗ್ರ ದಾಖಲೆ ಎಂದು ಹೇಳಿಕೊಂಡು ಬಂದ ಪುಸ್ತಕದಲ್ಲಿ 1918ರ ಆಲ್ ಅಮೆರಿಕ ತಂಡಕ್ಕೆ ಹತ್ತೇ ಹೆಸರು. ಆ ಆಟಕ್ಕೆ ಹನ್ನೊಂದು ಜನ ಬೇಕು. ಎಂಡ್ ಜಾಗದಲ್ಲಿ ಒಬ್ಬನಿಲ್ಲದೆ ತಂಡ ನಿಂತಿದೆ!

ಈ ಹತ್ತು ಎಂಬ ಅಂಕಿಯನ್ನು ನೋಡಿ. ಬೇರೆ ಯಾರದೋ ಹೆಸರು ತುಂಬಲೂ ಅವರಿಂದ ಆಗಲಿಲ್ಲ. ಖಾಲಿ ಬಿಟ್ಟರು. ಅಲ್ಲೊಬ್ಬ ಇದ್ದ ಎಂದು ಆ ಖಾಲಿ ಜಾಗವೇ ಹೇಳುತ್ತಿತ್ತು.

ರೋಬ್ಸನ್ ಅವರ ರಾಜಕೀಯದ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಸ್ಟಾಲಿನ್ ಕಾಲದ ಕ್ರೌರ್ಯದ ಬಗ್ಗೆ ಅವರು ಬಹಿರಂಗವಾಗಿ ಮಾತಾಡಲಿಲ್ಲ. ಅದು ನನಗೆ ಬೇಸರದ ವಿಷಯವೇ. ಆದರೆ 1918ರಲ್ಲಿ ಇಪ್ಪತ್ತು ವರ್ಷದ ಹುಡುಗ ಹಿಡಿದ ಚೆಂಡು 1950ರಲ್ಲಿ ಕೈತಪ್ಪಿ ಬೀಳುವುದು ಹೇಗೆ? ಒಬ್ಬನ ಮಾತು ಇಷ್ಟವಾಗದಿದ್ದರೆ ಎದುರು ಮಾತಾಡಬೇಕು. ಅವನು ಆಡಿದ ಆಟವನ್ನು ಆಡಿಲ್ಲ ಅನ್ನುವುದು ಸುಳ್ಳು.

1956ರ ಜೂನ್ 12ರಂದು ಅದೇ ಸಮಿತಿಯ ಮುಂದೆ ರೋಬ್ಸನ್ ಅವರನ್ನೇ ಕರೆಸಿದರು. ರಷ್ಯಾ ಅಷ್ಟು ಇಷ್ಟವಾದರೆ ಅಲ್ಲೇ ಯಾಕೆ ಇರಲಿಲ್ಲ ಎಂದು ಕೇಳಿದರು. ರೋಬ್ಸನ್ ಕೊಟ್ಟ ಉತ್ತರ: "ಯಾಕೆಂದರೆ ನನ್ನ ಅಪ್ಪ ಗುಲಾಮನಾಗಿದ್ದ. ಈ ದೇಶ ಕಟ್ಟಲು ನನ್ನ ಜನ ಸತ್ತರು. ನಾನು ಇಲ್ಲೇ ಇರುತ್ತೇನೆ, ನಿಮ್ಮ ಹಾಗೆಯೇ ಇದರಲ್ಲಿ ನನ್ನ ಪಾಲೂ ಪಡೆಯುತ್ತೇನೆ."

ಪಾಸ್‌ಪೋರ್ಟ್ ವಾಪಸ್ ಬಂದದ್ದು 1958ರಲ್ಲಿ, ಸುಪ್ರೀಂ ಕೋರ್ಟಿನ ಒಂದು ತೀರ್ಪಿನ ನಂತರ. ಅದೇ ವರ್ಷ ಭಾರತದಲ್ಲಿ ಅವರ ಅರವತ್ತನೇ ಹುಟ್ಟುಹಬ್ಬ ಆಚರಿಸಿದರು. ಅಮೆರಿಕದ ಅಧಿಕಾರಿಗಳು ಬೇಡ ಎಂದು ಒತ್ತಡ ತಂದರೂ ನೆಹರೂ ಶುಭ ಹಾರೈಸಿದರು.

ಮರಳಿ ಬರೆದದ್ದು

1976ರ ಜನವರಿ 23ರಂದು ಫಿಲಡೆಲ್ಫಿಯಾದಲ್ಲಿ ರೋಬ್ಸನ್ ತೀರಿಕೊಂಡರು. ವಯಸ್ಸು 77. ಕೊನೆಯ ವರ್ಷಗಳಲ್ಲಿ ಆರೋಗ್ಯ ಹದಗೆಟ್ಟು ಜನರಿಂದ ದೂರವೇ ಇದ್ದರು. ಕಾಲೇಜು ಫುಟ್‌ಬಾಲಿನ ಹಾಲ್ ಆಫ್ ಫೇಮ್ 1951ರಿಂದ ಆಟಗಾರರನ್ನು ಆರಿಸುತ್ತಾ ಬಂದಿತ್ತು. ಅಷ್ಟು ವರ್ಷವೂ ಅಲ್ಲಿ ಅವರಿಗೆ ಜಾಗ ಸಿಕ್ಕಿರಲಿಲ್ಲ. ಸಿಕ್ಕಿದ್ದು 1995ರಲ್ಲಿ, ಸತ್ತು ಹತ್ತೊಂಬತ್ತು ವರ್ಷವಾದ ಮೇಲೆ.

ರಟ್ಗರ್ಸ್ ಸ್ವಲ್ಪ ಮೊದಲೇ ಎಚ್ಚೆತ್ತಿತು. ಅದರ ನ್ಯೂಆರ್ಕ್ ಕ್ಯಾಂಪಸ್ಸಿನ ವಿದ್ಯಾರ್ಥಿ ಕೇಂದ್ರಕ್ಕೆ ರೋಬ್ಸನ್ ಹೆಸರಿಟ್ಟದ್ದು 1972ರಲ್ಲಿ, ಅವರು ಬದುಕಿದ್ದಾಗಲೇ. 2019ರಲ್ಲಿ, ಅವರು ಪದವಿ ಪಡೆದು ನೂರು ವರ್ಷ ತುಂಬಿದಾಗ, ನ್ಯೂ ಬ್ರನ್ಸ್‌ವಿಕ್‌ನಲ್ಲಿ ಅವರ ಹೆಸರಿನ ಒಂದು ಬಯಲು ಅಂಗಳ ತೆರೆಯಿತು. ಅಲ್ಲಿ ಕಪ್ಪು ಗ್ರಾನೈಟ್ ಫಲಕಗಳ ಮೇಲೆ ಅವರ ಬದುಕನ್ನು ಕೆತ್ತಿದ್ದಾರೆ. ಇಷ್ಟವಿಲ್ಲದಾಗ ಪುಟದಿಂದ ತೆಗೆದುಬಿಟ್ಟಷ್ಟು ಸುಲಭವಾಗಿ ಕಲ್ಲಿನಿಂದ ತೆಗೆಯಲು ಆಗುವುದಿಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ಮೊದಲು ಗಮನಿಸಿದ ಜೇಮ್ಸ್ ಡಿಕ್ಸನ್ ಕಾರ್, ಆ ಪತ್ರ ಬರೆದ ಮರುವರ್ಷ, 1920ರಲ್ಲಿ ತೀರಿಕೊಂಡಿದ್ದರು. 2017ರಲ್ಲಿ ರಟ್ಗರ್ಸ್ ತನ್ನ ಲಿವಿಂಗ್‌ಸ್ಟನ್ ಕ್ಯಾಂಪಸ್ಸಿನ ಗ್ರಂಥಾಲಯಕ್ಕೆ ಇದ್ದ ಹಳೆಯ ಹೆಸರು ತೆಗೆದು ಅವರ ಹೆಸರಿಟ್ಟಿತು.